ಮಕ್ಕಳ ಟೆನಿಸ್‌ಗೆ ಕೆಂಪು ಚೆಂಡೇ ಸಾಕು

ಏಳು ವರ್ಷದ ಮಗಳಿಗೆ ಟೆನಿಸ್ ಕಲಿಸಲು ಹಳೆಯ ಹಳದಿ ಚೆಂಡು, ಸ್ಪಂಜ್ ಚೆಂಡು, ಹಸಿರು ಚುಕ್ಕೆಯದು, ಕೆಂಪು ಚೆಂಡು ಎಲ್ಲವನ್ನೂ ಆಡಿ ನೋಡಿದ್ದಾಯಿತು. ಕೊಳ್ಳುವುದಾದರೆ ಕೆಂಪನ್ನೇ ಕೊಳ್ಳಿ. ಮೇಲೆ ಫೆಲ್ಟ್, ಅಂದರೆ ಉಣ್ಣೆಯಂಥ ಬಟ್ಟೆಯ ಹೊದಿಕೆ ಇರುವಂಥದ್ದು.

254 ಸೆಂ.ಮೀ. ಎತ್ತರದಿಂದ ಬಿಟ್ಟರೆ ಹಳದಿ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು ಎಂಬುದು ನಿಯಮ. ಕೆಂಪಿಗೆ 90ರಿಂದ 105. ಹಳದಿ ಬಂದಾಗ ಮಗಳು ಹಿಂದೆ ಹಿಂದೆ ಸರಿದು, ರಾಕೆಟನ್ನು ಕಿವಿಯ ಹತ್ತಿರ ಎತ್ತಿ, ನೊಣ ಹೊಡೆದ ಹಾಗೆ ಹೊಡೆಯುತ್ತಿದ್ದಳು. ಕೆಂಪು ಸೊಂಟದ ಹತ್ತಿರ ಬರುತ್ತದೆ. ನಿಧಾನವಾಗಿ ಬರುತ್ತದೆ. ರಾಕೆಟ್ ಹಿಂದೆ ಒಯ್ಯಲು ಪುರುಸೊತ್ತು ಸಿಗುತ್ತದೆ.

'ಹಳೆ ಹಳದಿ ಚೆಂಡು ಸಾಕಲ್ವಾ, ಪುಕ್ಕಟೆ ಸಿಗ್ತದೆ' ಎಂದರು ಭಾವ. ಹಳೆಯವುಗಳಲ್ಲಿ ಒಂದು ಮೊಣಕಾಲಿಗೆ ಪುಟಿಯುತ್ತದೆ, ಇನ್ನೊಂದು ಎದೆಗೆ. ಗಲ್ಲಿ ಕ್ರಿಕೆಟಿಗೆ ಅಡ್ಡಿಯಿಲ್ಲ. ಕೆಂಪು ಆಡಿದರೆ ಅದು ಟೆನಿಸೇ ಅಲ್ಲ ಎಂದೂ ಅವರ ವಾದ. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್ ಹತ್ತು ವರ್ಷದೊಳಗಿನವರ ಸ್ಪರ್ಧೆಯಿಂದ ಮಾಮೂಲಿ ಹಳದಿ ಚೆಂಡನ್ನು 2012ರಲ್ಲೇ ತೆಗೆದುಹಾಕಿದೆ ಎಂದ ಮೇಲೆ ಸುಮ್ಮನಾದರು.

ಬೇಸಗೆಯಲ್ಲಿ ಸ್ಪಂಜ್ ಚೆಂಡಿನ ಮೇಲೆ ನನಗೂ ಪ್ರೀತಿಯೇ. ಮುಖಕ್ಕೆ ಬಡಿದರೂ ನೋವಿಲ್ಲ, ಕಿಟಕಿ ಗಾಜಿಗೂ ಭಯವಿಲ್ಲ. ಜೂನ್ ಬಂತು ನೋಡಿ! ನಾವು ಆಡುವುದು ಮಂಗಳೂರಿನ ಬಿಜೈಯಲ್ಲಿ, ಶೀಟ್ ಹಾಕಿದ ಟೆರೇಸಿನ ಮೇಲೆ. ಬದಿಯಿಂದ ಎರಚಲು ಹೊಡೆದು ನೆಲ ಯಾವಾಗಲೂ ಚಂಡಿ. ಸ್ಪಂಜ್ ಅದರಲ್ಲಿ ಸ್ವಲ್ಪ ಉರುಳಿದರೆ ಸಾಕು, ನೀರು ಕುಡಿದು ಭಾರವಾಗುತ್ತದೆ. ಪುಟಿಯುವ ಬದಲು ಪಚಕ್ ಎಂದು ಕೂರುತ್ತದೆ. ಮಗಳು ಹೊಡೆದರೆ ಮೊದಲು ನನ್ನ ಕನ್ನಡಕಕ್ಕೆ ನೀರು, ಆಮೇಲೆ ಚೆಂಡು.

ಹಿಂಡಿ ಫ್ಯಾನಿನ ಅಡಿ ಇಟ್ಟರೆ ಹೊರಗಷ್ಟೇ ಒಣಗುತ್ತದೆ. ಮರುದಿನ ಒತ್ತಿದರೆ ಮತ್ತೆ ನೀರು. ಆಟಿ ತಿಂಗಳ ಮಳೆಯಲ್ಲಿ ಬಟ್ಟೆಯೇ ಒಣಗದ ಊರು ಇದು, ಸ್ಪಂಜ್ ಒಣಗೀತೇ? ಮುಗ್ಗಲು ವಾಸನೆ ಶುರುವಾಯಿತು, ಆಮೇಲೆ ಕಪ್ಪು ಬೂಸ್ಟು. 'ಅದನ್ನು ಒಳಗೆ ತರ್ಬೇಡಿ ಮಾರಾಯ್ರೇ' ಎಂದಳು ಹೆಂಡತಿ.

ಕೆಂಪೂ ಚಂಡಿಯಾಗುತ್ತದೆ. ಆದರೆ ಒಳಗೆ ರಬ್ಬರ್, ನೀರು ಫೆಲ್ಟಿನಲ್ಲೇ ನಿಲ್ಲುತ್ತದೆ. ಹಳೆ ಬೈರಾಸಿನಲ್ಲಿ ಉಜ್ಜಿ ಫ್ಯಾನಿಗೆ ಇಟ್ಟರೆ ಮರುದಿನದ ಆಟಕ್ಕೆ ತಯಾರು.

ಹಸಿರು ಚುಕ್ಕೆಯದು ಹಳದಿಗಿಂತ ಸುಮಾರು 25 ಶೇಕಡಾ ಮಾತ್ರ ನಿಧಾನ. ಪೂರ್ತಿ ಕೋರ್ಟ್ ಇದ್ದವರಿಗೆ, ಹೊಸದಾಗಿ ಕಲಿಯುವ ದೊಡ್ಡವರಿಗೆ ಅದು ಒಳ್ಳೆಯದು. ನಮ್ಮ ಟೆರೇಸಿಗೆ ಜಾಸ್ತಿಯಾಯಿತು.

ಕೆಂಪಿಗೆ ದುಡ್ಡು ಸ್ವಲ್ಪ ಹೆಚ್ಚು. ಡಜನ್ ಬೇಡ, ಮೂರು ತೆಗೆದುಕೊಳ್ಳಿ. ಎರಡು ಕುರ್ಚಿಗೆ ಹಗ್ಗ ಕಟ್ಟಿದರೆ ನೆಟ್‌ನ ಖರ್ಚು ಉಳಿಯುತ್ತದೆ.