ಬರೆಯುವ ಹಾಳೆ ತೋರಿಸಲು ಯಾವ ಕ್ಯಾಮೆರಾ? ಕಲಬುರಗಿಯ ಮನೆಯಲ್ಲಿ ನಾಲ್ಕು ದಾರಿ ನೋಡಿದೆ

ಪಿಯುಸಿ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳುವಾಗ ನನ್ನ ಮುಖ ಕಾಣದಿದ್ದರೂ ನಡೆಯುತ್ತದೆ, ಕೈ ಮಾತ್ರ ಕಾಣಲೇಬೇಕು. ಮೂರನೆಯ ಸಾಲಿನಿಂದ ನಾಲ್ಕನೆಯ ಸಾಲಿಗೆ ಹೇಗೆ ಬಂದೆವು ಎಂಬುದು ಪೆನ್ನು ಓಡುವಾಗಲೇ ತಿಳಿಯಬೇಕು. ಮೊದಲೇ ತಯಾರಿಸಿದ ಸ್ಲೈಡಿನಲ್ಲಿ ಉತ್ತರ ಸಿಗುತ್ತದೆ, ಆ ಓಟ ಸಿಗುವುದಿಲ್ಲ. ನನ್ನ ವಿದ್ಯಾರ್ಥಿಗಳು ಆಳಂದ, ಚಿಂಚೋಳಿ, ಸೇಡಂ ಕಡೆಯ ಹಳ್ಳಿಗಳವರು. ಎಲ್ಲರೂ ನೋಡುವುದು ಮೊಬೈಲಿನಲ್ಲಿ, ಅದೂ ಮೊಬೈಲ್ ಡೇಟಾದ ಮೇಲೆ. ಹಾಗಾಗಿ ಕ್ಯಾಮೆರಾದ ಪರೀಕ್ಷೆಯನ್ನು ನನ್ನ ಪರದೆಯ ಮೇಲೆ ನೋಡಿ ಮುಗಿಸಲು ಬರುವುದಿಲ್ಲ. ಆಳಂದದಲ್ಲಿರುವ ಅಕ್ಕನ ಮಗಳನ್ನು ಆ ಕಡೆ ಕೂರಿಸಿದೆ. ಎಕ್ಸ್ ಬರೆದು ಅದರ ತಲೆ ಮೇಲೊಂದು 2, ಇನ್ನೊಂದು ಎಕ್ಸ್ ಬರೆದು ಅದರ ಕಾಲಡಿ ಒಂದು 2. ಯಾವುದು ಯಾವುದೆಂದು ಅವಳು ಹೇಳಬೇಕು. ಹಾಳೆ, ಪೆನ್ನು, ಬೆಳಗಿನ ಆರೂವರೆಯ ಸಮಯ ನಾಲ್ಕಕ್ಕೂ ಒಂದೇ. ಹಾಳೆಯ ಕೆಳಗೆ ಶಹಾಬಾದ್ ಕಲ್ಲಿನ ಹಾಸು. ಆ ಬೂದು ಬಣ್ಣ ಹೊಳೆಯುವುದಿಲ್ಲ, ಬಿಳಿ ಹಾಳೆಯ ಅಂಚು ಅದರ ಮೇಲೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಲ್ಯಾಪ್‌ಟಾಪಿನ ಮುಚ್ಚಳ ಮುಂದಕ್ಕೆ ಬಗ್ಗಿಸುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಚಿತ್ರವನ್ನು ಕೀಬೋರ್ಡೇ ತಿನ್ನುತ್ತದೆ. ಹಾಳೆ ತಲೆಕೆಳಗಾಗಿ ಬರುತ್ತದೆ. ಝೂಮ್‌ನ ವಿಡಿಯೋ ಸೆಟ್ಟಿಂಗ್ಸಿನಲ್ಲಿ ತಿರುಗಿಸುವ ಗುಂಡಿಯನ್ನು ಎರಡು ಸಲ ಒತ್ತಿದರೆ ಸೀದಾ ಆಗುತ್ತದೆ ನಿಜ. ಆದರೆ ಅಷ್ಟು ಬಗ್ಗಿದ ಪರದೆಯಲ್ಲಿ ಮಕ್ಕಳ ಚಾಟ್ ಓದಲು ನಾನೇ ಮೇಜಿನ ಮೇಲೆ ಮಲಗಬೇಕಾಯಿತು. ಹತ್ತು ನಿಮಿಷಕ್ಕೆ ಬಿಟ್ಟೆ.

ಎರಡನೆಯದು ಕನ್ನಡಿ. ಪೌಡರ್ ಡಬ್ಬಿಯ ಚಿಕ್ಕ ಕನ್ನಡಿಯನ್ನು ರಟ್ಟಿಗೆ ಅಂಟಿಸಿ, ಕ್ಯಾಮೆರಾದ ಮುಂದೆ 45 ಡಿಗ್ರಿ ಓರೆಗೆ ಟೇಪ್ ಹಾಕಿದೆ. ಕ್ಯಾಮೆರಾದ ನೋಟ ನೇರ ಕೆಳಕ್ಕೆ ಬೀಳುತ್ತದೆ. ಕೆಳಗಿರುವುದು ಕೀಬೋರ್ಡು. ಅದರ ಮೇಲೆ ಪರೀಕ್ಷೆಗೆ ಒಯ್ಯುವ ಪ್ಯಾಡ್ ಇಟ್ಟು ಬರೆಯತೊಡಗಿದರೆ ಕೈಯ ಭಾರಕ್ಕೆ ಕೀಗಳು ಒತ್ತಿಕೊಂಡವು. ಪ್ಯಾಡಿನ ಎರಡೂ ಬದಿಗೆ ಒಂದೊಂದು ನೋಟ್‌ಬುಕ್ ಕೊಟ್ಟು ಎತ್ತರಿಸಿದ ಮೇಲೆ ಸರಿಹೋಯಿತು.

ಆಮೇಲೆ ಆದದ್ದನ್ನು ಕನ್ನಡಿ ಬಳಸುವವರೆಲ್ಲ ತಿಳಿದಿರಬೇಕು. ನನ್ನ ಪರದೆಯಲ್ಲಿ ಬರಹ ಸೀದಾ ಇತ್ತು. ಅಕ್ಕನ ಮಗಳೋ, "ಮಾಮಾ, ಎಲ್ಲಾ ಉಲ್ಟಾ ಕಾಣಲಕತ್ತದ" ಅಂದಳು. ನನಗೆ ಸರಿಯಾಗೇ ಕಾಣುತ್ತದಲ್ಲ ಎಂದು ಐದು ನಿಮಿಷ ಅವಳ ಫೋನನ್ನೇ ಅನುಮಾನಿಸಿದೆ. ಮೀಟಿಂಗ್ ಆ್ಯಪ್‌ಗಳು ನಮ್ಮ ಚಿತ್ರವನ್ನು ನಮಗೆ ಮಾತ್ರ ಎಡಬಲ ತಿರುಗಿಸಿ ತೋರಿಸುತ್ತವೆ, ಎದುರಿನವರಿಗೆ ಕ್ಯಾಮೆರಾ ಕಂಡದ್ದನ್ನೇ ಕಳಿಸುತ್ತವೆ. ನಮ್ಮ ಕನ್ನಡಿ ಒಮ್ಮೆ ತಿರುಗಿಸಿದ್ದನ್ನು ಆ್ಯಪ್ ನನ್ನೆದುರು ಮತ್ತೊಮ್ಮೆ ತಿರುಗಿಸಿ ಸೀದಾ ಮಾಡಿತ್ತು. ಅವಳಿಗೆ ಮೊದಲ ತಿರುವು ಹಾಗೇ ಹೋಗಿತ್ತು. ಓಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ, ಆ ತಿರುಗಿಸಿದ ಚಿತ್ರವನ್ನು ಕ್ಯಾಮೆರಾದಂತೆಯೇ ಒದಗಿಸುವ ಅದರ ವರ್ಚುವಲ್ ಕ್ಯಾಮೆರಾವನ್ನು ಆ್ಯಪ್‌ನಲ್ಲಿ ಆರಿಸಿಕೊಂಡ ಮೇಲೆ ಸೀದಾ ಬಂತು. ಆಗಲೂ ತಲೆ ಮೇಲಿನ 2 ಅವಳಿಗೆ ಚುಕ್ಕೆಯಂತೆ ಕಂಡಿತು. ಲ್ಯಾಪ್‌ಟಾಪ್ ಕ್ಯಾಮೆರಾಗಳ ಫೋಕಸ್ ಸಾಮಾನ್ಯವಾಗಿ ಮುಖದ ದೂರಕ್ಕೆ ಬಿಗಿದಿರುತ್ತದೆ, ಒಂದು ಗೇಣು ದೂರದ ಹಾಳೆ ಮಸುಕಾಗುತ್ತದೆ. ನನ್ನದು 720ಪಿ ಎನ್ನುವ, ಸ್ಪಷ್ಟತೆ ಕಡಿಮೆಯ ಹಳೆಯ ಕ್ಯಾಮೆರಾ ಬೇರೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದರೆ ಹೈಸ್ಕೂಲಿನ ಲೆಕ್ಕಕ್ಕೆ ಕನ್ನಡಿ ಸಾಕು.

ಮೂರನೆಯದಕ್ಕೆ ನನ್ನ ತಮ್ಮ ಹೈದರಾಬಾದಿನಿಂದ ಬರುವವರೆಗೆ ಕಾಯಬೇಕಾಯಿತು. ಅವನ ಹತ್ತಿರ ಆಪಲ್‌ನ ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಇದೆ, ಐಫೋನ್ 13 ಇದೆ. ಪರದೆಯ ನೆತ್ತಿಯ ಕ್ಯಾಮೆರಾದಿಂದಲೇ ಮೇಜಿನ ಮೇಲಿನ ಹಾಳೆಯನ್ನು ತೋರಿಸುವ ಆಪಲ್‌ನವರ ಡೆಸ್ಕ್ ವ್ಯೂ 2022ರಲ್ಲಿ ಮ್ಯಾಕ್ ಕಂಪ್ಯೂಟರುಗಳ ತಂತ್ರಾಂಶ ಮ್ಯಾಕ್‌ಓಎಸ್‌ನ ವೆಂಚುರಾ ಆವೃತ್ತಿಯ ಜೊತೆ ಬಂತು. ಆಗ ಅದಕ್ಕೆ ಐಫೋನನ್ನು ಪರದೆಯ ನೆತ್ತಿಗೆ ಸಿಕ್ಕಿಸಬೇಕಿತ್ತು. ಐಫೋನ್ 11 ಅಥವಾ ಅದರ ನಂತರದ, ತುಂಬ ಅಗಲ ನೋಟದ ಅಲ್ಟ್ರಾ ವೈಡ್ ಲೆನ್ಸ್ ಇರುವ ಫೋನೇ ಆಗಬೇಕು. ಐಫೋನ್ ಎಸ್‌ಇ ನಡೆಯುವುದಿಲ್ಲ. ಫೋನು, ಮ್ಯಾಕ್ ಎರಡರಲ್ಲೂ ಒಂದೇ ಆಪಲ್ ಖಾತೆ ಇರಬೇಕು. 2024ರ ಕೊನೆಗೆ ಬಂದ ಎಂ4 ಮ್ಯಾಕ್‌ಬುಕ್ ಪ್ರೋ, ಐಮ್ಯಾಕ್, ಆಮೇಲೆ 2025ರ ಏರ್, ಇವುಗಳ 12 ಮೆಗಾಪಿಕ್ಸೆಲ್ ಕ್ಯಾಮೆರಾ ಫೋನಿನ ಹಂಗಿಲ್ಲದೆ ಅದೇ ಕೆಲಸ ಮಾಡುತ್ತದೆ.

ಗಣಿತದವನಾಗಿ ನನಗೆ ಇದು ಮಾಡುವ ಕೆಲಸ ಬಹಳ ಹಿಡಿಸಿತು. ಆಯತವನ್ನು ಓರೆಯಿಂದ ನೋಡಿದರೆ ತ್ರಾಪಿಜ್ಯವಾಗಿ ಕಾಣುತ್ತದೆ. ಡೆಸ್ಕ್ ವ್ಯೂ ಅಗಲ ಚಿತ್ರದ ಕೆಳಭಾಗವನ್ನು ಕತ್ತರಿಸಿಕೊಂಡು, ಆ ತ್ರಾಪಿಜ್ಯವನ್ನು ಎಳೆದು ಮತ್ತೆ ಆಯತ ಮಾಡುತ್ತದೆ, ನೋಡುವವರಿಗೆ ಸೀದಾ ಕಾಣುವಂತೆ ತಿರುಗಿಸಿಯೂ ಕೊಡುತ್ತದೆ. ಕೈವಾರದಲ್ಲಿ ಎಳೆದ ವೃತ್ತ ವೃತ್ತವಾಗಿಯೇ ಬಂತು. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಕ್ಯಾಮೆರಾ ನನ್ನೆದುರಿನಿಂದ ನೋಡುವುದರಿಂದ ಪೆನ್ನಿನ ತುದಿಯನ್ನು ಕೈ ಮರೆಮಾಡುವುದಿಲ್ಲ. ಅಂಕಿ ಮೂಡುವುದನ್ನೇ ಮಕ್ಕಳು ನೋಡಬಹುದು.

ಆದರೆ ಈ ಲೆಕ್ಕ ಮೇಜಿನ ಸಮತಲಕ್ಕೆ ಮಾತ್ರ ಸರಿ. ರಟ್ಟಿನ ಶಂಕು ಇಟ್ಟೆ. ಅದು ನನ್ನ ಕಡೆಗೆ ವಾಲಿ ಉದ್ದವಾಗಿ ಬಿದ್ದಂತೆ ಕಂಡಿತು. ಘನಾಕೃತಿಗಳ ಪಾಠಕ್ಕೆ ಡೆಸ್ಕ್ ವ್ಯೂ ಬೇಡ. ನನ್ನ ಎದೆಯ ಹತ್ತಿರದ ಸಾಲುಗಳು ಕ್ಯಾಮೆರಾಕ್ಕೆ ದೂರ. ಅಲ್ಲಿ ಪಿಕ್ಸೆಲ್ ಕಡಿಮೆ ಬಿದ್ದು ಎಳೆದಾಗ ಮಸುಕಾಗುತ್ತವೆ. ಮೇಲಿನ ಆರು ಸಾಲು ಚೆನ್ನಾಗಿತ್ತು, ಪುಟದ ತಳ ಅಷ್ಟಕ್ಕಷ್ಟೆ. ಕ್ಯಾಮೆರಾ ಎಂದು ಆರಿಸುವ ಬದಲು ಡೆಸ್ಕ್ ವ್ಯೂ ಕಿಟಕಿಯನ್ನೇ ಸ್ಕ್ರೀನ್ ಶೇರ್ ಮಾಡಿದಾಗ ಅಕ್ಷರ ಚೂಪಾಯಿತು, ಏಕೆಂದರೆ ಶೇರ್ ಮಾಡುವಾಗ ಆ್ಯಪ್ ವೇಗಕ್ಕಿಂತ ಸ್ಪಷ್ಟತೆಗೆ ಒತ್ತು ಕೊಡುತ್ತದೆ. ಆಗ ಅವಳು ತಲೆ ಮೇಲಿನ 2, ಕಾಲಡಿಯ 2 ಎರಡನ್ನೂ ಸರಿಯಾಗಿ ಹೇಳಿದಳು. ಐಫೋನು, ಒಳಗಿನ ಕ್ಯಾಮೆರಾ ಇವುಗಳ ನಡುವೆ ನಾನು ಒಳಗಿನದನ್ನೇ ಆರಿಸುತ್ತೇನೆ, ಸಿಕ್ಕಿಸುವ ಕ್ಲಿಪ್ಪಿನ ಗೋಜಿಲ್ಲ. ಪರದೆ ಸ್ವಲ್ಪ ಅಲುಗಿದರೂ ಅಂಚು ಮತ್ತೆ ಹೊಂದಿಸಬೇಕು, ಅಷ್ಟೆ. ಆದರೆ ಆ ಏರ್ ಭಾರತದಲ್ಲಿ ಬಂದಾಗಿನ ಬೆಲೆ 99,900 ರೂಪಾಯಿ. ಟ್ಯೂಷನ್ ಹೇಳುವವರಿಗೆ ಹಾಳೆ ತೋರಿಸಲೆಂದೇ ಅಷ್ಟು ಹಾಕಿ ಎಂದು ನಾನು ಹೇಳಲಾರೆ.

ನಾಲ್ಕನೆಯದು ಸಾದಾ ಆಂಡ್ರಾಯ್ಡ್ ಫೋನು, ಕತ್ತು ಬಾಗುವ ಸ್ಟ್ಯಾಂಡು. ಸ್ಟ್ಯಾಂಡಿಗೆ ನಾನು ಕೊಟ್ಟದ್ದು 450 ರೂಪಾಯಿ. ಮೊದಲ ದಿನ ಚಿತ್ರ ಜೋಕಾಲಿಯಾಡಿತು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಕೂಡುವ ಮಾತೇ ಇಲ್ಲ, ಜೊತೆಗೆ ಬರೆಯುವ ಮೇಜಿಗೇ ಸ್ಟ್ಯಾಂಡ್ ಬಿಗಿದಿದ್ದೆ. ಪ್ರತಿ ಅಂಕಿಗೂ ಮೇಜು ನಡುಗಿ ಫೋನು ನಡುಗುತ್ತಿತ್ತು. ಪಕ್ಕದ ಕಬ್ಬಿಣದ ರ್‍ಯಾಕಿಗೆ ಬಿಗಿದು, ಕತ್ತನ್ನು ಆದಷ್ಟು ಗಿಡ್ಡ ಮಾಡಿದೆ. ನಿಂತಿತು. ಫೋನನ್ನು ಮಲಗಿಸಿದಾಗ ಚಿತ್ರ ತಾನೇ ಅಡ್ಡ ತಿರುಗುತ್ತದೆ. ಮೊದಲು ನೇರ ಹಿಡಿದು, ಬೇಕಾದ ಕಡೆಗೆ ತಿರುಗಿಸಿ, ಆಟೋ ರೊಟೇಟ್ ಬಂದ್ ಮಾಡಿ, ಆಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಬೇಕು. ಕಿಟಕಿ ಎಡಕ್ಕಿರಲಿ. ಬಲಗೈ ಬರಹದ ಮೇಲೆ ಕೈನೆರಳು ಬೀಳುವುದಿಲ್ಲ. ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ತಲೆಯ ನೆರಳು ನೇರ ಲೆಕ್ಕದ ಮೇಲೆ ಬೀಳುತ್ತದೆ.

ವಿಂಡೋಸ್ 11ರಲ್ಲಿ ಆಂಡ್ರಾಯ್ಡ್ ಫೋನನ್ನೇ ಲ್ಯಾಪ್‌ಟಾಪಿನ ಕ್ಯಾಮೆರಾ ಮಾಡಿಕೊಳ್ಳುವ ಸೌಲಭ್ಯವೂ ಇದೆ, ವೈಫೈ ಮೇಲೆ. ಮಾಡಿ ನೋಡಿದೆ. ನಮ್ಮ ಮನೆಯ ವೈಫೈನಲ್ಲಿ ಮಾತು ಮುಂದೆ, ಪೆನ್ನು ಹಿಂದೆ. ಬದಲಿಗೆ ಫೋನನ್ನು ಇನ್ನೊಬ್ಬ ಹಾಜರಿದ್ದವನಂತೆ ಕ್ಲಾಸಿಗೆ ಸೇರಿಸಿ ಅದರ ಆಡಿಯೋ ಜೋಡಿಸದೆ ಬಿಟ್ಟೆ. ಆಡಿಯೋ ಜೋಡಿಸಿದರೆ ಎರಡೂ ಸೇರಿ ಕಿರುಚುತ್ತವೆ. ಫೋನಿನ ಚಿತ್ರವನ್ನು ಎಲ್ಲರಿಗೂ ಸ್ಪಾಟ್‌ಲೈಟ್ ಮಾಡಿದರೆ ಹಾಳೆ ಪರದೆ ತುಂಬ ನಿಲ್ಲುತ್ತದೆ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಬಂದ್ ಮಾಡಿರಬೇಕು, ಇಲ್ಲವಾದರೆ ಆ್ಯಪ್ ಹಾಳೆಯನ್ನೇ ಹಿನ್ನೆಲೆ ಎಂದು ಅಳಿಸಿಬಿಡುತ್ತದೆ.

"ಮಾಮಾ, ಇದರಾಗ ತಲಿ ಮ್ಯಾಲಿನ 2 ಭಾಳ ಚಲೋ ಕಾಣ್ತದ. ಹಿಂಗೇ ಇರಲಿ" ಅಂದಳು. ಅದೇ ವಾರ ಕ್ಲಾಸಿನ ನಡುವೆ ಕರೆಂಟ್ ಹೋಯಿತು. ರೌಟರ್ ಸತ್ತು ಲ್ಯಾಪ್‌ಟಾಪ್ ಕಳಚಿಕೊಂಡಿತು. ಫೋನು ಮೊಬೈಲ್ ಡೇಟಾದ ಮೇಲೆ ಇದ್ದದ್ದರಿಂದ ಅದಕ್ಕೇ ಆಡಿಯೋ ಜೋಡಿಸಿ, ಸಮಾಕಲನದ ಉಳಿದ ನಾಲ್ಕು ಸಾಲು ಮುಗಿಸಿದೆ. ದಿನದ ಪಾಠಕ್ಕೆ ನಾಲ್ಕನೆಯದನ್ನೇ ಇಟ್ಟುಕೊಳ್ಳಲು ನನಗೆ ಇದೊಂದೇ ಸಾಕಾಯಿತು. ಬಿಸಿಲೇರಿದ ಮೇಲೆ ಫೋನು ಕಾದು ಮಂಕಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕ್ಲಾಸು ಬೆಳಿಗ್ಗೆ ಆರೂವರೆಗೇ.

ಮ್ಯಾಕ್ ಈಗಾಗಲೇ ಇರುವವರು ಸ್ಟ್ಯಾಂಡ್ ಕೊಳ್ಳುವ ಮುಂಚೆ ಡೆಸ್ಕ್ ವ್ಯೂ ತೆರೆದು ನೋಡಿ. ರೇಖಾಗಣಿತದ ರಚನೆಗಳಿಗೆ, ಮುಖವೂ ಕೈಯೂ ಒಟ್ಟಿಗೆ ಕಾಣಬೇಕಾದ ಪಾಠಕ್ಕೆ ಅದರಷ್ಟು ಚೆಂದದ್ದು ಈ ನಾಲ್ಕರಲ್ಲಿ ಇಲ್ಲ. ತಮ್ಮ ದೀಪಾವಳಿಗೆ ಬಂದಾಗ ಸ್ಪರ್ಶಕ ಎಳೆಯುವ ರಚನೆಗಳನ್ನೆಲ್ಲ ಅದರಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳುವುದೆಂದು ಮಾತಾಗಿದೆ. ಅಲ್ಲಿಯವರೆಗೆ ರ್‍ಯಾಕಿಗೆ ಬಿಗಿದ ಫೋನು, ಕಲ್ಲಿನ ಹಾಸು, ಒಂದು ಹಾಳೆಗೆ ಎಂಟೇ ಸಾಲು.