‘ಎಐ ಫೈಲೇ ಕೊಡ್ತೇನೆ’ ಅಂದವನ ಮಾತು ನಂಬಿ ಕೆಟ್ಟೆ

ಹೇಳಿಕೊಳ್ಳಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೀತಿದ್ದೇನೆ, ಇನ್ನೊಬ್ಬರು ಬೀಳಬಾರದು ಅಂತ.

ನಮ್ಮದು ಮಂಗಳೂರಿನ ಒಂದು ಸಣ್ಣ ಹುಲಿವೇಷದ ತಂಡ. ದಸರಾಕ್ಕೆ ಟೀಶರ್ಟ್, ಟೆಂಪೋಗೆ ಸ್ಟಿಕ್ಕರ್, ಒಂದು ದೊಡ್ಡ ಫ್ಲೆಕ್ಸ್ ಬೇಕಿತ್ತು. ಮೂರಕ್ಕೂ ಅದೇ ಹುಲಿಮುಖ, ಕೆಳಗೆ ಕನ್ನಡದಲ್ಲಿ ತಂಡದ ಹೆಸರು. ಹಂಪನಕಟ್ಟೆ ಕಡೆಯ ಒಬ್ಬ ಡಿಸೈನರ್ 3,500 ರೂಪಾಯಿಗೆ ಒಪ್ಪಿದ. ವೆಕ್ಟರ್ ಫೈಲೇ, ಅಂದರೆ ಗೆರೆಗಳಿಂದಲೇ ಮಾಡಿದ, ಎಷ್ಟು ದೊಡ್ಡದು ಮಾಡಿದರೂ ಒಡೆಯದ ಚಿತ್ರವೇ ಬೇಕು ಅಂತ ಮೂರು ಸಲ ಹೇಳಿದ್ದೆ. "ಎಐ ಫೈಲೇ ಕೊಡ್ತೇನೆ ಮಾರಾಯ್ರೆ, ಟೆನ್ಶನ್ ಬೇಡ" ಅಂದ. ಎಐ ಅಂದರೆ ಇಲ್ಲಿ ಇಲ್ಲಸ್ಟ್ರೇಟರ್ ಅನ್ನುವ ಡಿಸೈನ್ ಸಾಫ್ಟ್‌ವೇರಿನ ಫೈಲ್. ವಾಟ್ಸಾಪಿಗೆ ಬಂದ ಚಿತ್ರ ಚೆನ್ನಾಗಿಯೇ ಇತ್ತು. ದುಡ್ಡು ಹಾಕಿಬಿಟ್ಟೆ. ಪೂರ್ತಿ ದುಡ್ಡು! ಹುಡುಗರು ನೂರು, ಇನ್ನೂರು ಅಂತ ಒಟ್ಟು ಮಾಡಿ ನನ್ನ ಕೈಗೆ ಕೊಟ್ಟದ್ದು.

ಮರ್ಯಾದೆ ಹೋದದ್ದು ಸ್ಟಿಕ್ಕರ್ ಕಟಿಂಗ್ ಅಂಗಡಿಯಲ್ಲಿ. ಅಲ್ಲಿನ ಅಣ್ಣ ಇಲ್ಲಸ್ಟ್ರೇಟರ್‌ನಲ್ಲಿ ಫೈಲ್ ತೆರೆದು ಕಂಟ್ರೋಲ್ ವೈ ಒತ್ತಿದರು. ಅದನ್ನು ಒತ್ತಿದರೆ ಬಣ್ಣ ಹೋಗಿ ಗೆರೆ ಮಾತ್ರ ಉಳೀಬೇಕು. ನಮ್ಮ ಹುಲಿಯೇ ಹೋಯಿತು. ಮೀಸೆ ಇಲ್ಲ, ಪಟ್ಟೆ ಇಲ್ಲ, ಒಂದು ಬೋಳು ಚೌಕ. "ಇದು ಜೆಪೆಗ್, ಬರೀ ಫೋಟೋ ಥರದ್ದು ಅಲ್ವಾ? ತಂದು ಎಐ ಒಳಗೆ ಇಟ್ಟು ಸೇವ್ ಮಾಡಿದ್ದಾರೆ. ನಮ್ಮ ಪ್ಲಾಟರ್ ಯಾವ ಗೆರೆ ಹಿಡಿದು ಕಟ್ ಮಾಡ್ಬೇಕು?" ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನಾನೂ ಸುಮ್ನೆ ನಕ್ಕೆ. ಏನು ಮಾಡುವುದು?

ಡಿಸೈನರ್‌ಗೆ ಫೋನ್ ಮಾಡಿದರೆ ಉತ್ತರ ನೋಡಿ: "ಅವರ ಸಾಫ್ಟ್‌ವೇರ್ ಸರಿ ಇಲ್ಲ. ಎಐ ಅಂದ್ರೆ ವೆಕ್ಟರೇ." ರಾತ್ರಿ ಇನ್ನೊಂದು ಫೈಲ್ ಬಂತು. ಅದೇ ಜೆಪೆಗನ್ನು, ಚಿತ್ರ ನೋಡಿ ತಾನಾಗಿ ಗೆರೆ ಮಾಡುವ ಇಮೇಜ್ ಟ್ರೇಸ್‌ಗೆ ಹಾಕಿದ್ದು. ಪಟ್ಟೆಯ ಅಂಚೆಲ್ಲ ಹಲಸಿನ ಹಣ್ಣಿನ ಸಿಪ್ಪೆ ಥರ ಮುಳ್ಳುಮುಳ್ಳು, ಒಂದೊಂದು ಪಟ್ಟೆಗೆ ನೂರಾರು ನೋಡ್ (ಗೆರೆಯ ಮೇಲಿನ ಬಿಂದು). ಜೊತೆಗೆ ಮೆಸೇಜ್: "ಈಗ ವೆಕ್ಟರ್ ಆಯ್ತಲ್ಲ?"

ಆಯ್ತಲ್ಲ ಅಂತೆ!

ಜಗಳ ಆದ ಮೇಲೆ ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಬೇರೆ ಮಾಡಿ ಅದರ ಸಿಡಿಆರ್ ಫೈಲ್ ಕಳಿಸಿದ. ಅದು ಹೊಸ ವರ್ಷನ್, ಟೀಶರ್ಟ್ ಪ್ರಿಂಟ್ ಮಾಡುವವರಲ್ಲಿ ಇರುವುದು ಹಳೆಯ ಎಕ್ಸ್7, ಅಂದರೆ ವರ್ಷನ್ 17. ತೆರೆಯಲೇ ಇಲ್ಲ. ಸೇವ್ ಮಾಡುವಾಗ ವರ್ಷನ್ 17 ಅಂತ ಆರಿಸಿದರೆ ಮುಗೀತು, ಒಂದು ನಿಮಿಷದ ಕೆಲಸ. "ಅದಕ್ಕೆ ಬೇರೆ ಚಾರ್ಜ್ ಉಂಟು, 500." ಅದನ್ನೂ ಕೊಟ್ಟೆ. ಹೌದು, ಕೊಟ್ಟೆ. ಬೈಯಿರಿ.

ಆ ಫೈಲ್ ತೆರೆಯಿತು. ಆದರೆ ತಂಡದ ಹೆಸರಿನ ಜಾಗದಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಅಲ್ಲದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾನೆ, ಕರ್ವ್ ಮಾಡಿಲ್ಲ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರ ಕರ್ವ್ ಆಗಿ, ಅಂದರೆ ಬರೀ ಆಕಾರವಾಗಿ ಕೂತುಬಿಡ್ತದೆ, ಆಮೇಲೆ ಯಾವ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ತೊಂದರೆ ಇಲ್ಲ. "ಫಾಂಟ್ ನೀವೇ ಹಾಕಿಕೊಳ್ಳಿ" ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ಕೊನೆಗೆ ಸ್ಟಿಕ್ಕರ್ ಅಂಗಡಿಯ ಅಣ್ಣನೇ ರಾತ್ರಿ ಹನ್ನೊಂದರವರೆಗೆ ಕೂತು ಪೆನ್ ಟೂಲ್‌ನಲ್ಲಿ ಹುಲಿಯನ್ನು ಮೊದಲಿಂದ ಎಳೆದರು. ಅವರಿಗೆ 1,200 ಕೊಟ್ಟೆ, ನನ್ನ ಕಿಸೆಯಿಂದ.

ನೀವು ಕೊಡುವುದಾದರೆ ಅರ್ಧ ದುಡ್ಡು ಕೊಡಿ. ಉಳಿದದ್ದು ಪ್ರೆಸ್ಸಿನವರು ಫೈಲ್ ತೆರೆದು, ಗೆರೆ ನೋಡಿ, ಸರಿ ಉಂಟು ಅಂದ ಮೇಲೆ. ಅವರಲ್ಲಿ ಯಾವ ಸಾಫ್ಟ್‌ವೇರ್, ಯಾವ ವರ್ಷನ್ ಅಂತ ಮೊದಲೇ ಕೇಳಿಕೊಳ್ಳಿ. ಫೈಲಿನ ಹೆಸರಿನ ಕೊನೆಗೆ ಎಐ ಅಂತ ಇದ್ದ ಮಾತ್ರಕ್ಕೆ ಒಳಗೆ ವೆಕ್ಟರ್ ಇರಬೇಕು ಅಂತ ಏನೂ ಇಲ್ಲ.

ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ನಮ್ಮ ಟೆಂಪೋದ ಫೋಟೋ, ಮೇಲೆ ‘ನಮ್ಮ ಹೊಸ ಕೆಲಸ’ ಅಂತ. ಅದರಲ್ಲಿರುವುದು ಆ ಅಣ್ಣ ಎಳೆದ ಹುಲಿ.