ಕಣ ಎಣಿಸಲು ಹೈದರಾಬಾದ್, ಪ್ರತಿಕಾಯಕ್ಕೆ ಬೆಂಗಳೂರು

ಬೀದರಿನಲ್ಲಿ ದೇವಣಿ ದನಗಳ ಬಿಳಿ ರಕ್ತಕಣಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಎಣಿಸುವ ಫ್ಲೋ ಸೈಟೊಮೀಟರ್ ಯಂತ್ರ ನಮ್ಮ ಪ್ರಯೋಗಾಲಯದಲ್ಲಿ ಇಲ್ಲ. ಹಾಗಾಗಿ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಿದರೆ ಹೊರಗಿನವರಿಗೂ ಯಂತ್ರ ಕೊಡುವ ಎರಡು ಕಡೆ ಅಲೆದಿದ್ದೇನೆ: ಒಂದು ಹೈದರಾಬಾದಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ.

ಯಂತ್ರವನ್ನಷ್ಟೇ ನೋಡಿದರೆ ಬೆಂಗಳೂರಿನದೇ ಮೇಲು. ಅಲ್ಲಿ ನಾಲ್ಕು ಲೇಸರ್, ಹೈದರಾಬಾದಿನಲ್ಲಿ ಎರಡೇ. ಆದರೆ ಸಿಡಿ4, ಸಿಡಿ8 ಎಂಬ ಎರಡು ಬಗೆಯ ಬಿಳಿ ಕಣಗಳನ್ನು ಎಣಿಸುವ ನನಗೆ 488 ನ್ಯಾನೊಮೀಟರಿನ ನೀಲಿ ಲೇಸರ್ ಒಂದೇ ಧಾರಾಳ. ನನ್ನ ಚಿಂತೆ ದಾರಿಯದು. ಬೆಳಿಗ್ಗೆ ಆರಕ್ಕೆ ರಕ್ತ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಹೊರಟರೆ ಮಧ್ಯಾಹ್ನಕ್ಕೆ ಹೈದರಾಬಾದ್. ಸತ್ತ ಕಣಗಳ ಒಳಗೆ ಮಾತ್ರ ನುಗ್ಗುವ ಬಣ್ಣ ಹಾಕಿ ನೋಡಿದರೆ ನೂರಕ್ಕೆ ಐದಾರು ಸತ್ತಿದ್ದವು. ರಾತ್ರಿಯಿಡೀ ರೈಲಿನಲ್ಲಿ ಬೆಂಗಳೂರಿಗೆ ಒಯ್ದವುಗಳಲ್ಲಿ ಮೂರನೇ ಒಂದು ಪಾಲು ಹೋಗಿತ್ತು. ಯಾವ ಕಣ ಯಾವ ಬಗೆಯದು ಎಂದು ಗುರುತಿಸಲು ಪ್ರತಿಕಾಯ ಹಾಕುತ್ತೇವೆ; ಅದು ತನ್ನ ಗುರಿಗೆ ಮಾತ್ರ ಅಂಟಬೇಕಾದ ಪ್ರೋಟೀನ್. ಸತ್ತ ಕಣ ಸುಮ್ಮನೆ ಬಿದ್ದಿರುವುದೂ ಇಲ್ಲ, ಸಿಕ್ಕ ಪ್ರತಿಕಾಯವನ್ನೆಲ್ಲ ಮೈಗೆ ಅಂಟಿಸಿಕೊಂಡು ಸುಳ್ಳು ಲೆಕ್ಕ ಕೊಡುತ್ತದೆ.

ಹೈದರಾಬಾದಿನಲ್ಲಿ ಕಿರಿಕಿರಿ ಇಲ್ಲವೆಂದಲ್ಲ. ಹೊರಗಿನವರ ಸರದಿ ಯಾವಾಗಲೂ ಒಳಗಿನವರ ನಂತರ. ಒಮ್ಮೆ 12 ಗಂಟೆ ಎಂದವರು 3ಕ್ಕೆ ಕರೆದರು. ಅವಸರದಲ್ಲಿ 40 ಮೈಕ್ರಾನ್ ಜಾಲರಿಯಲ್ಲಿ ಸೋಸುವುದನ್ನು ನಾನು ಮರೆತೆ. ಗಂಟುಕಟ್ಟಿದ ಕಣಗಳು ನಳಿಕೆಯಲ್ಲಿ ಸಿಕ್ಕಿ ಯಂತ್ರ ನಿಂತುಹೋಯಿತು. ಯಂತ್ರ ನೋಡಿಕೊಳ್ಳುವ ಮೇಡಂ ಬೈಯಲಿಲ್ಲ. ತೊಳೆಯಲು ಹಿಡಿದ ಅರ್ಧ ಗಂಟೆಯನ್ನು ಬಿಲ್ಲಿಗೆ ಸೇರಿಸಿದರು, ಅಷ್ಟೇ.

ಪ್ರತಿಕಾಯ ಮಾಡಿಸುವಾಗ ಲೆಕ್ಕ ತಲೆಕೆಳಗಾಯಿತು. ಅಂಗಡಿಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಮನುಷ್ಯರ, ಇಲಿಗಳ ಕಣಗಳಿಗೆ ಹೊಂದುವಂಥವು, ದನದ್ದನ್ನು ಹುಡುಕಬೇಕು. ಹೈದರಾಬಾದಿನವರು ಮೊಲಗಳಿಗೆ ಚುಚ್ಚಿ ಮೂರು ತಿಂಗಳಲ್ಲಿ ಸೀರಮ್, ಎಂದರೆ ಅವುಗಳ ರಕ್ತದಿಂದ ತೆಗೆದ ಪ್ರತಿಕಾಯವಿರುವ ದ್ರವ, ಕೊಟ್ಟರು. ಪ್ರತಿಕಾಯ ಗುರಿಗೆ ಅಂಟುತ್ತದೆಯೇ ಎಂದು ತಟ್ಟೆಯಲ್ಲಿ ನೋಡುವ ಎಲೈಸಾ ಪರೀಕ್ಷೆಯಲ್ಲಿ ಅದು ಸೊಗಸಾಗಿಯೇ ಬಂತು, ಕಣಗಳ ಮೇಲೆ ಹಾಕಿದರೆ ಎಲ್ಲೆಂದರಲ್ಲಿ ಅಂಟಿತು. ಎರಡನೆಯ ಮೊಲದ್ದಂತೂ ಮೊದಲನೆಯದರ ಹಾಗೆ ಇರಲೇ ಇಲ್ಲ.

ಬೆಂಗಳೂರಿನವರದು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದ ಹೈಬ್ರಿಡೋಮಾ ವಿಧಾನ. ಇಲಿಯ ಗುಲ್ಮದಿಂದ (ಸ್ಪ್ಲೀನ್) ತೆಗೆದ, ಪ್ರತಿಕಾಯ ತಯಾರಿಸುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆಯುತ್ತಾರೆ. ಎಂಟು ತಿಂಗಳು ಹಿಡಿಯಿತು, ಖರ್ಚು ಮೂರು ಪಟ್ಟು. ನನ್ನ ಮಾರ್ಗದರ್ಶಕರು ಬಿಲ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಆರಿಸಿದ ಆ ಒಂದು ಕ್ಲೋನ್, ಎಂದರೆ ಒಂದೇ ಬೆಸೆದ ಕೋಶದಿಂದ ಬೆಳೆದ ಪೀಳಿಗೆ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಕುಳಿತಿದೆ. ಕೇಳಿದಾಗಲೆಲ್ಲ ಅದೇ ಪ್ರತಿಕಾಯ ಕೊರಿಯರ್‌ನಲ್ಲಿ ಬರುತ್ತದೆ. ನಾನು ರೈಲು ಹತ್ತಬೇಕಾಗಿಲ್ಲ.

ಮಂಗಳವಾರ ಅದನ್ನು ಹೈದರಾಬಾದಿನ ಯಂತ್ರದಲ್ಲಿ ನೋಡಬೇಕು. ಜಾಲರಿಯನ್ನು ಡಬ್ಬಿಯ ಮುಚ್ಚಳಕ್ಕೇ ಕಟ್ಟಿಟ್ಟಿದ್ದೇನೆ.